ತ್ರಿಲೋಕಸಂಚಾರಿಗೆ ಕಾಗದದ ರಂಗಸ್ಥಳ: ಅಮರ ಚಿತ್ರಕಥೆ ನಡೆದುಬಂದ ದಾರಿ

ಕಾಯ್ಕಿಣಿ, ಮುರ್ಡೇಶ್ವರ, ಇಡಗುಂಜಿ ಸೀಮೆಯ ಸ್ಥಳಪುರಾಣಗಳು ನಾರದನಿಲ್ಲದೆ ಮುಂದೆ ಸಾಗುವುದಿಲ್ಲ. ಆತ್ಮಲಿಂಗ ಹಿಡಿದು ಲಂಕೆಯತ್ತ ಹೊರಟ ರಾವಣನನ್ನು ತಡೆಯಲು ಗಣಪತಿಯ ಬಳಿ ಧಾವಿಸಿದವನು ಅವನು. ಗೋಕರ್ಣದಲ್ಲಿ ಲಿಂಗ ನೆಲಕ್ಕೂರಿತು. ಸಿಟ್ಟಿಗೆದ್ದ ರಾವಣ ಬೀಸಿ ಎಸೆದದ್ದು ಬಿದ್ದ ಕಡೆಗಳಲ್ಲಿ ಧಾರೇಶ್ವರ, ಗುಣವಂತೇಶ್ವರ, ಮುರ್ಡೇಶ್ವರಗಳಾದವು. ವಾಲಖಿಲ್ಯರ ಯಜ್ಞದ ವಿಘ್ನ ಕಳೆಯಲು ಗಣಪತಿಯನ್ನು ಇಡಗುಂಜಿಗೆ ಕರೆತಂದವನೂ ಅವನೇ. ನೆನೆದ ಕ್ಷಣದಲ್ಲಿ ನೆನೆದ ಲೋಕದಲ್ಲಿರುವ ಈ ವೀರನಿಗೆ ಕಾಗದದ ಮೇಲೂ ಒಂದು ರಂಗಸ್ಥಳ ಕಟ್ಟಿಕೊಟ್ಟ ಸಂಸ್ಥೆ ಅಮರ ಚಿತ್ರಕಥೆ. ಅದನ್ನು ಈ ಸೀಮೆಯ ಸಂಚಿಕೆಯಲ್ಲಿ ಸ್ಮರಿಸುವುದು ನಮ್ಮ ಪಾಲಿನ ಋಣಸಂದಾಯ.

ಸ್ಥಾಪಕ ಅನಂತ ಪೈ ನಮ್ಮ ಕರಾವಳಿಯವರು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎರಡರ ಪ್ರಾಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದರು. ಓದಿದ್ದು ರಾಸಾಯನಿಕ ತಂತ್ರಜ್ಞಾನ, ಒಲಿದದ್ದು ಪುಸ್ತಕ ಪ್ರಕಾಶನ. ಟೈಮ್ಸ್ ಆಫ್ ಇಂಡಿಯಾ ಬಳಗದಲ್ಲಿದ್ದಾಗ 1964ರಲ್ಲಿ ಫ್ಯಾಂಟಮ್ ಸಾಹಸಗಳ ಇಂದ್ರಜಾಲ ಕಾಮಿಕ್ಸ್ ಆರಂಭವಾಗಲು ಅವರೂ ದುಡಿದರು. 1967ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆಯೊಂದನ್ನು ನೋಡಿದರು. ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಆ ಕೊರಗಿನಿಂದಲೇ, ಇಂಡಿಯಾ ಬುಕ್ ಹೌಸಿನ ಆಶ್ರಯದಲ್ಲಿ ಅದೇ ವರ್ಷ ಅವರ ಸಂಪಾದಕತ್ವದ ಅಮರ ಚಿತ್ರಕಥೆ ರೂಪುಗೊಂಡಿತು.

ಅದಕ್ಕೂ ಮೊದಲಿನ ಅಧ್ಯಾಯ ಕನ್ನಡದ್ದು. 1965ರಲ್ಲಿ ಇದೇ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತಂದಿದ್ದರು. ಇಂಗ್ಲಿಷ್ ಮಾಲೆಯ ಮೊದಲ ಪುಸ್ತಕ 'ಕೃಷ್ಣ'ದ ಸಂಖ್ಯೆ 11 ಆಗಿರುವುದೇಕೆಂದು ಕೇಳಿದವರಿಗೆ ಸಿಗುವ ಉತ್ತರ, ಮೊದಲ ಹತ್ತು ಕನ್ನಡದಲ್ಲಿ ಬಂದಿದ್ದವೆಂದು. ದೇಶದ ಮಕ್ಕಳೆಲ್ಲ ಓದಿದ ಮಾಲೆಗೆ ಅಡಿಗಲ್ಲು ಹಾಕಿದ ಭಾಷೆ ನಮ್ಮದು ಎಂಬುದು ಕನ್ನಡಿಗರಲ್ಲೇ ಎಷ್ಟೋ ಜನರಿಗೆ ತಿಳಿದಿಲ್ಲ.

'ಕೃಷ್ಣ'ಕ್ಕೆ ರೇಖೆ ಕೊಟ್ಟವರು ರಾಮ್ ವಾಯೀರ್ಕರ್. ದಿಲೀಪ್ ಕದಂ 1985ರಿಂದ 42 ಸಂಚಿಕೆಗಳಲ್ಲಿ ಮಹಾಭಾರತವನ್ನೇ ಚಿತ್ರಿಸಿದರು. ಬಸವೇಶ್ವರ, ಪುರಂದರದಾಸ, ಕೃಷ್ಣದೇವರಾಯ, ರಾಣಿ ಅಬ್ಬಕ್ಕರಂಥ ನಮ್ಮ ನಾಡಿನವರೂ ಮಾಲೆಯಲ್ಲಿ ಕಾಣಿಸಿಕೊಂಡರು. ನಾರದನ ಕಥೆಗಳಿಗೇ ಮೀಸಲಾದ ಪುಸ್ತಕವೂ ಬಂತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬಯಲಾಟದಲ್ಲಿ ನಾರದ ಲೋಕ ದಾಟುವುದು ಪ್ರಯಾಣ ಕುಣಿತದಲ್ಲಿ. ಭಾಗವತರು ಪದ ಎತ್ತುತ್ತಾರೆ, ಮದ್ದಳೆ ಚುರುಕಾಗುತ್ತದೆ, ವೇಷಧಾರಿ ರಂಗಕ್ಕೆ ಸುತ್ತು ಹಾಕಿ ನಿಂತರೆ ಅದೇ ನೆಲ ಕೈಲಾಸ. ಪರದೆಯಿಲ್ಲ, ಮೋಡವಿಲ್ಲ. ಚಿತ್ರಕಥೆಯಲ್ಲಿ ಆ ಸುತ್ತಿನ ಕೆಲಸವನ್ನು ಎರಡು ಚೌಕಟ್ಟುಗಳ ನಡುವಿನ ಬಿಳಿ ಗೆರೆ ಮಾಡುತ್ತದೆ. ಎಡಗಡೆ ವೈಕುಂಠ, ಬಲಗಡೆ ಲಂಕೆ. ನಡುವಿನ ಪ್ರಯಾಣ ಓದುವ ಮಗುವಿನ ಮನಸ್ಸಿನಲ್ಲಿ. ರಾತ್ರಿಯಿಡೀ ಆಟ ನೋಡಿ ಬೆಳೆದ ಕರಾವಳಿಯ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಉಳಿದ ಮಾಧ್ಯಮಗಳೂ ನಾರದನನ್ನು ಬರಮಾಡಿಕೊಂಡವು. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರ ನಾಟಕ ಮಂಡಳಿಯ 'ಭೂಕೈಲಾಸ' 1940ರಲ್ಲಿ ಸುಂದರರಾವ್ ನಾಡಕರ್ಣಿಯವರ ನಿರ್ದೇಶನದಲ್ಲಿ ತೆಲುಗು ಚಿತ್ರವಾಯಿತು. 1958ರ ಕನ್ನಡ 'ಭೂಕೈಲಾಸ'ದಲ್ಲಿ ರಾಜಕುಮಾರ್ ರಾವಣ, ಕಲ್ಯಾಣಕುಮಾರ್ ನಾರದ. ಮುರ್ಡೇಶ್ವರದಲ್ಲಿ 123 ಅಡಿ ಎತ್ತರದ ಶಿವಮೂರ್ತಿಯ ಕೆಳಗಿನ ಗುಹೆಯಲ್ಲಿ ಅದೇ ಕಥೆ ಗೊಂಬೆಗಳ ಸಾಲಾಗಿ ನಿಂತಿದೆ. ನೋಡುಗರು ಒಂದೊಂದೇ ದೃಶ್ಯದ ಮುಂದೆ ಸಾಗುತ್ತ ಕಥೆಯನ್ನು ಕೂಡಿಸಿಕೊಳ್ಳುತ್ತಾರೆ. ಅಮರ ಚಿತ್ರಕಥೆಯೂ ಕಾಗದಕ್ಕೆ ಕಟ್ಟುಬೀಳಲಿಲ್ಲ. 2007ರಲ್ಲಿ ಹೊಸ ಒಡೆತನಕ್ಕೆ ಬಂದ ಮೇಲೆ ಕಿರುತೆರೆಯ ಆನಿಮೇಷನ್ ಮಾಲೆಯಾಯಿತು, 2012ರಲ್ಲಿ ಲವಕುಶರ ಕಥೆಯ 'ಸನ್ಸ್ ಆಫ್ ರಾಮ್' ಎಂಬ ಚಲನಚಿತ್ರವಾಯಿತು, ಈಗ ಮೊಬೈಲಿನಲ್ಲೂ ಸಿಗುತ್ತದೆ.

ಈ ಮಾಲೆಗೊಂದು ಮಿತಿಯೂ ಇದೆ. ಬಯಲಾಟದ ರಾವಣ ಅರ್ಥಗಾರಿಕೆಯಲ್ಲಿ ತನ್ನ ಪಕ್ಷವನ್ನು ಗಂಟೆಗಟ್ಟಲೆ ಸಮರ್ಥಿಸಿಕೊಳ್ಳಬಲ್ಲ. 32 ಪುಟಗಳ ಪುಸ್ತಕದಲ್ಲಿ ಅವನಿಗೆ ಅಷ್ಟು ಜಾಗವಿಲ್ಲ. ರಾಕ್ಷಸರಿಗೆ ಕಪ್ಪು ಮೈಬಣ್ಣ, ನಾಯಕರಿಗೆ ಬಿಳುಪು ಎಂಬ ಹಂಚಿಕೆಯನ್ನು ವಿಮರ್ಶಕರು ಆಕ್ಷೇಪಿಸಿದ್ದು ಸರಿಯೇ. ಮಕ್ಕಳಿಗೆ ಪುಸ್ತಕ ಕೊಡುವ ಹಿರಿಯರು ಆಟಕ್ಕೂ ಕರೆದೊಯ್ದರೆ ಆ ಕೊರತೆ ತುಂಬಿಬರುತ್ತದೆ.

ಅನಂತ ಪೈ 2011ರ ಫೆಬ್ರವರಿ 24ರಂದು ತೀರಿಕೊಂಡರು. 1980ರಲ್ಲಿ ಅವರು ತಂದ 'ಟಿಂಕಲ್' ಇನ್ನೂ ಬರುತ್ತಿದೆ. ಅಮರ ಚಿತ್ರಕಥೆ 400ಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಕಂಡಿದೆ. ಮಾರಾಟವಾದ ಪ್ರತಿಗಳು ಪ್ರಕಾಶಕರ ಲೆಕ್ಕದಂತೆ 10 ಕೋಟಿಗೂ ಮಿಕ್ಕಿವೆ. ಆದರೆ ನಮ್ಮ ಶಾಲೆ, ಪಂಚಾಯತಿ ಗ್ರಂಥಾಲಯಗಳ ಕಪಾಟಿನಲ್ಲಿ ಅದರ ಕನ್ನಡ ಸಂಚಿಕೆಗಳಿಗೆ ಒಂದು ಸಾಲು ಮೀಸಲಾದರೆ ಮಾತ್ರ ಕಾರ್ಕಳದ ಆ ಹಿರಿಯರಿಗೆ ನಾವು ಸಲ್ಲಿಸುವ ಗೌರವ ಪೂರ್ಣ. ಕನ್ನಡದಲ್ಲಿ ಮೊದಲಾದದ್ದನ್ನು ಕನ್ನಡದ ಮಕ್ಕಳು ಕನ್ನಡದಲ್ಲೇ ಓದಲಿ. ಅದನ್ನು ಆಗುಮಾಡುವ ಹೊಣೆ ಊರಿನ ನಮ್ಮೆಲ್ಲರದು.