ಎಂಸಿಬಿ ಇದ್ದರೆ ಅಂಗಡಿಯ ಫ್ರಿಡ್ಜ್ ಸುಡುವುದಿಲ್ಲವೇ?

‘ಎಂಸಿಬಿ ಹಾಕಿಸಿದರೆ ವೋಲ್ಟೇಜ್ ಏರಿದರೂ ಭಯವಿಲ್ಲ’ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಎಂಸಿಬಿ ಗಮನಿಸುವುದು ಆಂಪಿಯರ್ ಮಾತ್ರ. ಓವರ್‌ಲೋಡ್ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗಷ್ಟೇ ಅದು ಟ್ರಿಪ್ ಆಗುತ್ತದೆ.

ತುಮಕೂರು ಪಕ್ಕದ ಗೂಳೂರಿನಂಥ ಊರಿನಲ್ಲಿ ತ್ರೀ ಫೇಸ್ ಸಂಪರ್ಕದ ಒಂದು ಅಂಗಡಿ ಸಾಲು ಇದೆ ಎಂದುಕೊಳ್ಳೋಣ. ಒಂದು ಫೇಸ್‌ನಲ್ಲಿ ಬೇಕರಿಯ ಓವನ್, ಇನ್ನೊಂದರಲ್ಲಿ ಜೆರಾಕ್ಸ್ ಅಂಗಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಇರಬೇಕಾದದ್ದು 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಸುಮಾರು 400. ನ್ಯೂಟ್ರಲ್ ತಂತಿ ಕಡಿದರೆ ಈ 400 ವೋಲ್ಟ್ ಎರಡೂ ಅಂಗಡಿಗಳಲ್ಲಿ ಅಸಮವಾಗಿ ಹಂಚಿಹೋಗುತ್ತದೆ. ಲೋಡ್ ಹೆಚ್ಚಿರುವ ಬೇಕರಿಯಲ್ಲಿ ಬಲ್ಬ್ ಮಂಕಾಗುತ್ತದೆ. ಲೋಡ್ ಕಡಿಮೆ ಇರುವ ಜೆರಾಕ್ಸ್ ಅಂಗಡಿಯಲ್ಲಿ ವೋಲ್ಟೇಜ್ 300 ದಾಟಬಹುದು. ಯಂತ್ರ ಸುಟ್ಟು ಶಾರ್ಟ್ ಆದ ಮೇಲೆ ಎಂಸಿಬಿ ಬೀಳುತ್ತದೆ; ಆಗ ಬಿದ್ದು ಏನು ಪ್ರಯೋಜನ?

ಸರ್ಜ್ ಪ್ರೊಟೆಕ್ಟರ್ ಕೂಡ ಇದಕ್ಕೆ ಮದ್ದಲ್ಲ. ಅದು ಸಿಡಿಲಿನಂಥ ಕ್ಷಣಮಾತ್ರದ ಏರಿಕೆಗೆ. ಇಲ್ಲಿ ಬೇಕಿರುವುದು ವೋಲ್ಟೇಜ್ ಮಿತಿ ಮೀರಿದೊಡನೆ ಸಂಪರ್ಕ ಕಡಿಯುವ ಓವರ್‌ವೋಲ್ಟೇಜ್ ರಿಲೇ. ನ್ಯೂಟ್ರಲ್‌ಗೆ ಫ್ಯೂಸ್ ಹಾಕಿದ್ದರೆ ಮೊದಲು ತೆಗೆಸಿ.

ಒಂದು ಕಡೆ ಬಲ್ಬ್ ಮಂಕಾಗಿ ಇನ್ನೊಂದು ಕಡೆ ಕಣ್ಣು ಕುಕ್ಕುವಂತೆ ಉರಿದರೆ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಬೆಸ್ಕಾಂನ 1912ಕ್ಕೆ ಕರೆ ಮಾಡಿ.