1000ಬೇಸ್-ಟಿಯೋ, 1000ಬೇಸ್-ಟಿಎಕ್ಸೋ: ಒಂದು ಅಕ್ಷರ ಮತ್ತು ನಾಲ್ಕು ಜೋಡಿ ತಂತಿ

ಗಿಗಾಬಿಟ್ ಸ್ವಿಚ್ಚು, ನೆಟ್‌ವರ್ಕ್ ಕಾರ್ಡುಗಳ ಡಬ್ಬಿಯ ಮೇಲೆ ‘1000ಬೇಸ್-ಟಿಎಕ್ಸ್’ ಎಂದು ಅಚ್ಚಾಗಿರುವುದುಂಟು. ಒಳಗಿರುವುದು ಮಾತ್ರ ಹೆಚ್ಚುಕಡಿಮೆ ಯಾವಾಗಲೂ 1000ಬೇಸ್-ಟಿ. ಇದನ್ನು ಅಚ್ಚಿನ ತಪ್ಪೆಂದು ಬಿಟ್ಟುಬಿಡುವಂತಿಲ್ಲ. ಇವು ಎರಡು ಬೇರೆ ಮಾನಕಗಳು, ಇವು ಕೇಳುವ ಕೇಬಲ್ಲೂ ಬೇರೆ.

ಹೆಸರಿನಲ್ಲಿ 1000 ಎಂಬುದು ಸೆಕೆಂಡಿಗೆ ಸಾಗುವ ಮೆಗಾಬಿಟ್‌ಗಳ ಲೆಕ್ಕ, ‘ಬೇಸ್’ ಎಂದರೆ ಬೇಸ್‌ಬ್ಯಾಂಡ್, ‘ಟಿ’ ಎಂದರೆ ಹೊಸೆದ ಜೋಡಿ ತಂತಿ. ತೊಡಕಿರುವುದು ‘ಎಕ್ಸ್’ನಲ್ಲಿ. 100ಬೇಸ್-ಎಕ್ಸ್ ಕುಟುಂಬದಲ್ಲಿ ಅದು ನಾಲ್ಕು ಬಿಟ್ಟುಗಳನ್ನು ಐದಾಗಿಸಿ ಕಳಿಸುವ ಸಂಕೇತೀಕರಣದ ಗುರುತು, 1998ರ 802.3ಝಡ್ ಮಾನಕದ 1000ಬೇಸ್-ಎಕ್ಸ್ ಕುಟುಂಬದಲ್ಲಿ ಎಂಟನ್ನು ಹತ್ತಾಗಿಸುವುದರದು. 1000ಬೇಸ್-ಟಿಯನ್ನು ನಿರೂಪಿಸುವ 1999ರ 802.3ಎಬಿ ಮಾನಕ ಈ ದಾರಿ ಹಿಡಿಯಲಿಲ್ಲ. ಆದ್ದರಿಂದ 1000ಬೇಸ್-ಟಿಗೆ ಎಕ್ಸ್ ಇಲ್ಲ. 100ಬೇಸ್-ಟಿಎಕ್ಸ್ ಎಂದು ರೂಢಿಯಾದ ಬಾಯಿ ಒಂದು ಸೊನ್ನೆ ಸೇರಿಸಿಕೊಂಡು ಮುಂದುವರಿಯಿತು, ಅಷ್ಟೆ.

802.3ಎಬಿ ಹಿಡಿದ ದಾರಿ ಜಾಣತನದ್ದು. ನಾಲ್ಕು ಜೋಡಿಗಳೂ ದುಡಿಯುತ್ತವೆ; ಪ್ರತಿ ಜೋಡಿಯಲ್ಲೂ ಏಕಕಾಲಕ್ಕೆ ಎರಡೂ ದಿಕ್ಕಿನ ಸಂಚಾರ. ಸೆಕೆಂಡಿಗೆ 12.5 ಕೋಟಿ ಸಂಕೇತ, ಒಂದೊಂದರಲ್ಲಿ ಎರಡು ಬಿಟ್, ಅಂದರೆ ಜೋಡಿಗೆ 250 ಮೆಗಾಬಿಟ್. ವೋಲ್ಟೇಜಿನ ಮಟ್ಟಗಳು ಐದು. ಎರಡು ಬಿಟ್ಟಿಗೆ ನಾಲ್ಕೇ ಸಾಕು, ಹೆಚ್ಚಿನದು ತಪ್ಪು ತಿದ್ದುವುದಕ್ಕೆ ಒದಗುತ್ತದೆ. ತಾನು ಕಳಿಸಿದ್ದರ ಪ್ರತಿಧ್ವನಿಯನ್ನೂ ಪಕ್ಕದ ಜೋಡಿಗಳಿಂದ ನುಸುಳಿದ್ದನ್ನೂ ಚಿಪ್ಪೇ ಕಳೆದುಹಾಕುತ್ತದೆ. ಸಂಕೇತಗಳ ವೇಗ 100ಬೇಸ್-ಟಿಎಕ್ಸ್‌ನದೇ ಆದ್ದರಿಂದ ಕ್ಯಾಟ್-5 ಕೇಬಲ್ಲಿನಲ್ಲೇ 100 ಮೀಟರ್ ಸಾಗುತ್ತದೆ. ಕ್ಯಾಟ್-5ಇ ಹೆಚ್ಚಿನ ಆವರ್ತನವನ್ನೇನೂ ತರಲಿಲ್ಲ, ಅದರದೂ 100 ಮೆಗಾಹರ್ಟ್ಸೇ. ಪ್ರತಿಧ್ವನಿ ಮತ್ತು ನುಸುಳಿಕೆಯ ಮಿತಿಗಳನ್ನು ಬಿಗಿಮಾಡಿತು.

ನಿಜವಾದ 1000ಬೇಸ್-ಟಿಎಕ್ಸ್ ಬಂದದ್ದು 2001ರಲ್ಲಿ, ಟಿಐಎ ಸಂಸ್ಥೆಯ 854ನೇ ಮಾನಕವಾಗಿ. ಅಲ್ಲಿ ಹೋಗಲು ಎರಡು ಜೋಡಿ, ಬರಲು ಎರಡು ಜೋಡಿ. ಜೋಡಿಗೆ 500 ಮೆಗಾಬಿಟ್. ಚಿಪ್ಪಿನ ಕೆಲಸ ಹಗುರವಾಯಿತು, ಹೊರೆ ಕೇಬಲ್ಲಿನ ಮೇಲೆ ಬಿತ್ತು: ಕ್ಯಾಟ್-6 ಕಡ್ಡಾಯ. ಅಷ್ಟರಲ್ಲಿ 1000ಬೇಸ್-ಟಿ ಚಿಪ್ಪುಗಳು ಅಗ್ಗವಾಗತೊಡಗಿದ್ದವು. ಹೊಸದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ವಸ್ತು ಹೋಯಿತು, ಹೆಸರು ಉಳಿಯಿತು. ಆ ಹೆಸರನ್ನು ನಂಬಿ ಗಿಗಾಬಿಟ್ಟಿಗೆ ಕ್ಯಾಟ್-6 ಬೇಕೇ ಬೇಕು ಎನ್ನುವವರಿಗೆ ಆಧಾರವಿಲ್ಲ. ಮುಂದೆ 10 ಗಿಗಾಬಿಟ್ ಬೇಕಾದೀತೆಂದು ಹಾಕಿಸಿಕೊಂಡರೆ ಅದು ಬೇರೆ ಮಾತು.

ಕೆಲಸ ಕೆಡುವುದು ಹೆಚ್ಚಾಗಿ ತುದಿಗಳಲ್ಲಿ. ಕನೆಕ್ಟರ್ ಹತ್ತಿರ ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಗೋಡೆಯೊಳಗಿನ ಓಟ 90 ಮೀಟರ್, ಎರಡೂ ಕಡೆಯ ಪ್ಯಾಚ್ ಕಾರ್ಡ್ ಸೇರಿ 10 ಮೀಟರ್. 100 ಮೆಗಾಬಿಟ್ಟಿನ ಕಾಲದಲ್ಲಿ ಎರಡೇ ಜೋಡಿ ಕೂಡಿಸಿದ ಕಡೆ ಇನ್ನೊಂದು ಬಗೆಯ ಪೇಚು: ಎರಡು ತುದಿಯ ಉಪಕರಣಗಳ ನಡುವೆ ವೇಗದ ಸಂಧಾನ ನಡೆಯಲು ಆ ಎರಡು ಜೋಡಿ ಸಾಕು, ಹೀಗಾಗಿ ಎರಡೂ ಉಪಕರಣಗಳು ಗಿಗಾಬಿಟ್ಟಿಗೆ ಒಪ್ಪಿಬಿಡುತ್ತವೆ, ಆಮೇಲೆ ಸಂಪರ್ಕವೇ ಏಳುವುದಿಲ್ಲ. ತಾನಾಗಿ ಕೆಳವೇಗಕ್ಕೆ ಇಳಿಯುವ ಸೌಲಭ್ಯ ಎಲ್ಲ ಚಿಪ್ಪುಗಳಲ್ಲೂ ಇಲ್ಲ. ಅಂಥಲ್ಲಿ ಹೊಸ ಕೇಬಲ್ ಎಳೆಸುವ ಮೊದಲು 4, 5, 7, 8ನೇ ಪಿನ್ನುಗಳನ್ನು ಒಮ್ಮೆ ನೋಡಿ.