ಯೋಗ ಮ್ಯಾಟಿನ ಹಿಡಿತ

ಆಸನ ಮಾಡುವಾಗ ಅಂಗೈ, ಅಂಗಾಲು ಜಾರದಂತೆ ನೆಲದ ಮೇಲೆ ಹಾಸಿಕೊಳ್ಳುವ ತೆಳು ಹಾಸೇ ಯೋಗ ಮ್ಯಾಟ್. ರಬ್ಬರ್, ಪ್ಲಾಸ್ಟಿಕ್ ಫೋಮ್, ಕಾರ್ಕ್, ಸೆಣಬು, ಹತ್ತಿ ಹೀಗೆ ಹಲವು ಸಾಮಗ್ರಿಗಳಲ್ಲಿ ಸಿಗುತ್ತದೆ. ಸಾಮಾನ್ಯ ಅಳತೆ 173 ಸೆಂಮೀ ಉದ್ದ, 61 ಸೆಂಮೀ ಅಗಲ. ಎತ್ತರದವರಿಗೆ 183 ಸೆಂಮೀ ಉದ್ದದ್ದೂ ಇದೆ. ದಪ್ಪ 1.5 ಮಿಮೀಯಿಂದ 12 ಮಿಮೀವರೆಗೆ. ಬರೀ ಕೂತು ಧ್ಯಾನ, ಪ್ರಾಣಾಯಾಮ ಮಾಡುವವರಿಗೆ ಇದು ಬೇಕಾಗಿಲ್ಲ, ಮಡಿಸಿದ ಕಂಬಳಿ ಸಾಕು. ತ್ರಿಕೋನಾಸನ, ವೀರಭದ್ರಾಸನದಂತೆ ಕಾಲಗಲಿಸಿ ನಿಲ್ಲುವ, ಅಧೋಮುಖ ಶ್ವಾನಾಸನದಂತೆ ಕೈಯೂರಿ ಮೈಭಾರ ಹೊರುವ ಆಸನಗಳಲ್ಲಿ ಮಾತ್ರ ಹಿಡಿತದ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ದಪ್ಪ ಮತ್ತು ಬಣ್ಣ ನೋಡಿ ಮ್ಯಾಟ್ ಆರಿಸುವುದು ರೂಢಿ. ಆದರೆ ದಪ್ಪಕ್ಕೂ ಹಿಡಿತಕ್ಕೂ ನೇರ ಸಂಬಂಧವಿಲ್ಲ. ಎಷ್ಟೋ ಸಲ ದಪ್ಪನೆಯ ಮ್ಯಾಟೇ ಹೆಚ್ಚು ಜಾರುತ್ತದೆ.

ಹಿನ್ನೆಲೆ

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಬರುವ ಹಾಸು ದರ್ಭೆ, ಜಿಂಕೆಯ ಚರ್ಮ, ಬಟ್ಟೆಗಳದು. ಅದು ಅಲುಗದೆ ಕೂರುವವನ ಆಸನ. ಜಾರುವ ಮಾತು ಅಲ್ಲಿಲ್ಲ. ನಿಂತು, ಬಾಗಿ, ಜಿಗಿದು ಮಾಡುವ ಆಸನಗಳ ಇಂದಿನ ಕ್ರಮಕ್ಕೆ ಮೈಸೂರು ಒಂದು ಮುಖ್ಯ ಮೂಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ ಕನ್ನಡದಲ್ಲೇ 1934ರಲ್ಲಿ ಅಚ್ಚಾಯಿತು. ಅವರ ಶಿಷ್ಯರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಗೆ ಹೋದರು. ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು, 1948ರಲ್ಲಿ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗದ ಸಂಸ್ಥೆ ತೆರೆದರು. ಆ ಕಾಲದಲ್ಲಿ ರಬ್ಬರ್ ಮ್ಯಾಟ್ ಯಾರೂ ಕಂಡಿರಲಿಲ್ಲ. 1966ರಲ್ಲಿ ಹೊರಬಂದ ಅಯ್ಯಂಗಾರರ ‘ಲೈಟ್ ಆನ್ ಯೋಗ’ ಕೂಡ ಸಮತಟ್ಟಾದ ನೆಲದ ಮೇಲೆ ಮಡಿಸಿದ ಕಂಬಳಿ ಹಾಸಿಕೊಳ್ಳಿ ಎಂದಷ್ಟೇ ಹೇಳುತ್ತದೆ.

ಅಂಟುವ ಮ್ಯಾಟ್ ಹುಟ್ಟಿದ್ದು ಯುರೋಪಿನಲ್ಲಿ, ಅದೂ ಬೇರೊಂದು ವಸ್ತುವಿನಿಂದ. ಇಂಗ್ಲೆಂಡಿನ ಯೋಗ ಶಿಕ್ಷಕಿ ಏಂಜೆಲಾ ಫಾರ್ಮರ್ ಅವರಿಗೆ ಹರೆಯದಲ್ಲಿ ಆದ ಶಸ್ತ್ರಚಿಕಿತ್ಸೆಯಿಂದಾಗಿ ಅಂಗೈ, ಅಂಗಾಲು ಬೆವರುತ್ತಿರಲಿಲ್ಲ. ಚರ್ಮ ತೀರ ಒಣಗಿದ್ದರಿಂದ ನೆಲದ ಮೇಲೆ ನಿಲ್ಲುವುದೇ ಕಷ್ಟವಾಗಿತ್ತು. 1968ರಲ್ಲಿ ಜರ್ಮನಿಯಲ್ಲಿ ಪಾಠ ಮಾಡುತ್ತಿದ್ದಾಗ, ರತ್ನಗಂಬಳಿ ಸರಿಯದಂತೆ ಅದರಡಿ ಹಾಸುವ ಫೋಮ್ ಹಾಳೆ ಅವರ ಕಣ್ಣಿಗೆ ಬಿತ್ತು. ಅದನ್ನು ಕತ್ತರಿಸಿ ಬಳಸತೊಡಗಿದರು. ವಿದ್ಯಾರ್ಥಿಗಳೂ ಕೇಳಿದಾಗ, ಅವರ ತಂದೆ ಜರ್ಮನಿಯ ಕಾರ್ಖಾನೆಯಿಂದ ತರಿಸಿ ಮಾರತೊಡಗಿದರು. ಅಮೆರಿಕದಲ್ಲೂ ಮೊದಮೊದಲು ಓಡಿದ್ದು ಇದೇ ಜರ್ಮನ್ ಹಾಳೆ. 1990ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯ ಹಗ್ಗರ್ ಮಗ್ಗರ್ ಕಂಪನಿ ಯೋಗಕ್ಕೆಂದೇ ಮ್ಯಾಟ್ ಮಾಡಿಸಿತು. 1997ರಲ್ಲಿ ಮಂಡೂಕ ಎಂಬ ಕಂಪನಿ ಬಂದು ಭಾರವಾದ ಕಪ್ಪು ಮ್ಯಾಟನ್ನು ಜನಪ್ರಿಯಗೊಳಿಸಿತು. ಒಣ ಕೈಗಾಗಿ ಹುಟ್ಟಿದ ವಸ್ತುವಿನ ಮೇಲೆ ಇವತ್ತಿನ ಮುಖ್ಯ ದೂರು ಬೆವರಿದರೆ ಜಾರುತ್ತದೆ ಎಂಬುದು. ಈ ದೂರಿನಲ್ಲಿ ಅಚ್ಚರಿಯೇನಿಲ್ಲ. ಅದರ ಕಾರಣ ಚರ್ಮದಲ್ಲೇ ಇದೆ.

ಜಾರುವುದೇಕೆ

ಕಾಲಗಲಿಸಿ ನಿಂತಾಗ ಪಾದ ನೆಲವನ್ನು ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಕಾಲು ಲಂಬದಿಂದ 30 ಡಿಗ್ರಿ ಓರೆಯಾದರೆ ಜಾರದಿರಲು ಬೇಕಾದ ಘರ್ಷಣ ಗುಣಾಂಕ ಸುಮಾರು 0.58, 40 ಡಿಗ್ರಿಯಾದರೆ 0.84. ಒದ್ದೆಯಾದ ನುಣುಪು ಗ್ರಾನೈಟೋ ವಿಟ್ರಿಫೈಡ್ ಟೈಲ್ಸೋ ಇದರ ಹತ್ತಿರಕ್ಕೂ ಬರುವುದಿಲ್ಲ. ಈ ಲೆಕ್ಕ ಕಾಲನ್ನು ಬರೀ ಊರುಗೋಲೆಂದು ಎಣಿಸಿದ್ದು. ತೊಡೆಯ ಒಳಗಿನ ಸ್ನಾಯುಗಳು ಕಾಲನ್ನು ಒಳಕ್ಕೆ ಎಳೆದು ಹಿಡಿದರೆ ನೆಲದಿಂದ ಬೇಕಾದ ಘರ್ಷಣೆ ಕಡಿಮೆಯಾಗುತ್ತದೆ. ‘ಕಾಲು ಬಿಗಿ ಮಾಡಿ, ಮ್ಯಾಟನ್ನು ನಂಬಬೇಡಿ’ ಎಂದು ಹಳೆಯ ಗುರುಗಳು ಗದರುವುದಕ್ಕೆ ಇದೇ ಆಧಾರ. ಅಂಟು ಮ್ಯಾಟಿನ ಮೇಲೆ ಸ್ನಾಯು ಸಡಿಲ ಬಿಟ್ಟೂ ನಿಲ್ಲಬಹುದು, ಆಗ ಭಾರ ಕೀಲಿನ ಮೇಲೆ ಬೀಳುತ್ತದೆ.

ಚರ್ಮದ ಘರ್ಷಣೆ ತೇವದೊಂದಿಗೆ ಏರಿ ಇಳಿಯುತ್ತದೆ. ತೀರ ಒಣ ಚರ್ಮ ಗಡುಸಾಗಿರುವುದರಿಂದ ಮೇಲ್ಮೈಗೆ ಪೂರ್ತಿ ತಾಗುವುದಿಲ್ಲ, ಹಾಗಾಗಿ ಜಾರುತ್ತದೆ. ತುಸು ತೇವವಾದರೆ ಚರ್ಮ ಮೆತ್ತಗಾಗಿ ಒತ್ತಿ ಕೂತುಕೊಳ್ಳುತ್ತದೆ, ಹಿಡಿತ ಹೆಚ್ಚುತ್ತದೆ. ಇನ್ನೂ ಬೆವರಿದರೆ ಚರ್ಮಕ್ಕೂ ಮ್ಯಾಟಿಗೂ ನಡುವೆ ನೀರಿನ ಪದರ ನಿಂತು ಮತ್ತೆ ಜಾರುತ್ತದೆ. ಆದ್ದರಿಂದ ‘ಒಳ್ಳೆ ಗ್ರಿಪ್’ ಎಂಬುದು ಮ್ಯಾಟೊಂದರ ಗುಣವಲ್ಲ. ಮಾರ್ಚ್‌ನ ಕಲಬುರಗಿಯ ಒಣ ಹವೆಯಲ್ಲಿ ಗಟ್ಟಿಯಾಗಿ ಹಿಡಿದ ಮ್ಯಾಟ್ ಮಂಗಳೂರಿನ ಸೆಖೆಯಲ್ಲಿ ಹತ್ತು ಸೂರ್ಯನಮಸ್ಕಾರದ ಹೊತ್ತಿಗೆ ಕೈಬಿಡಬಹುದು. ಅಂಗೈ ಸದಾ ಬೆವರುವ ಪ್ರಕೃತಿಯವರಿಗೂ ಚಳಿಗಾಲದಲ್ಲಿ ಅಂಗಾಲು ಒಡೆಯುವವರಿಗೂ ಒಂದೇ ಮ್ಯಾಟನ್ನು ಶಿಫಾರಸು ಮಾಡುವುದು ತಪ್ಪು.

ಬೆವರನ್ನು ಮ್ಯಾಟ್ ಏನು ಮಾಡುತ್ತದೆ ಎಂಬುದರ ಮೇಲೆ ಎರಡು ಬಗೆ. ತೆರೆದ ರಂಧ್ರದ ಮೇಲ್ಮೈ ಬೆವರನ್ನು ಒಳಕ್ಕೆ ಹೀರಿ ಹಿಡಿತ ಉಳಿಸುತ್ತದೆ. ಬದಲಿಗೆ ವಾಸನೆ, ಕಲೆ, ಸೂಕ್ಷ್ಮಾಣುಗಳಿಗೂ ಜಾಗ ಕೊಡುತ್ತದೆ. ಮುಚ್ಚಿದ ರಂಧ್ರದ್ದು ಬೆವರನ್ನು ಮೇಲೆಯೇ ನಿಲ್ಲಿಸುತ್ತದೆ. ಒರೆಸುವುದು ಸುಲಭ, ಜಾರುವುದೂ ಸುಲಭ. ಶುಚಿತ್ವ ಮತ್ತು ಹಿಡಿತ ಎರಡೂ ಪೂರ್ತಿ ಬೇಕೆಂದರೆ ಮ್ಯಾಟಿನ ಮೇಲೊಂದು ಒಗೆಯಬಹುದಾದ ಬಟ್ಟೆ ಹಾಸುವುದೇ ದಾರಿ.

ಸಾಮಗ್ರಿಗಳು

ಬೀದಿ ಬದಿಯ ಕ್ರೀಡಾ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ ಮ್ಯಾಟ್ ಬಹುತೇಕ ಇವಿಎ ಫೋಮಿನದು. ಒಣ ಕೈಗೆ ಕೆಲವು ತಿಂಗಳು ಪರವಾಗಿಲ್ಲ. ಆಮೇಲೆ ಹಿಮ್ಮಡಿ ಊರುವ ಕಡೆ ಕುಸಿದು ನುಣುಪಾಗುತ್ತದೆ. 10–12 ಮಿಮೀ ದಪ್ಪದ, ಮುಟ್ಟಿದರೆ ಹಾಸಿಗೆಯಂತಿರುವ ಎನ್‌ಬಿಆರ್ (ಕೃತಕ ರಬ್ಬರ್ ಫೋಮ್) ಮ್ಯಾಟ್ ಮಲಗಿ ಮಾಡುವ ವ್ಯಾಯಾಮಕ್ಕೆ ಸರಿ, ನಿಂತು ಮಾಡುವ ಆಸನಕ್ಕೆ ಬೇಡ. ಅಧೋಮುಖ ಶ್ವಾನಾಸನದಲ್ಲಿ ಅದು ಹಿಗ್ಗುವುದರಿಂದ, ಕೈ ಜಾರದಿದ್ದರೂ ಮ್ಯಾಟೇ ಕೈಯೊಡನೆ ಮುಂದೆ ಸರಿಯುತ್ತದೆ. ಅದರ ಮೇಲೆ ವೃಕ್ಷಾಸನದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವುದು ಇನ್ನೂ ಕಷ್ಟ. ಮಂಡಿ ನೋವಿಗೆಂದು ಇದನ್ನು ಕೊಳ್ಳುವವರು ತೆಳು ಮ್ಯಾಟ್ ಕೊಂಡು ಮಂಡಿಯ ಕೆಳಗೊಂದು ಟವೆಲ್ ಮಡಿಸಿಟ್ಟುಕೊಳ್ಳುವುದು ಮೇಲು.

ಪಿವಿಸಿಗೆ ಹೆಸರು ಕೆಟ್ಟಿದೆ, ಆದರೆ ಬಾಳಿಕೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಗಟ್ಟಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬೆರೆಸುವ ಥ್ಯಾಲೇಟ್ ರಾಸಾಯನಿಕಗಳೇ ತಕರಾರಿನ ಮೂಲ. ಅವುಗಳಲ್ಲಿ ನಾಲ್ಕನ್ನು ಯುರೋಪಿಯನ್ ಒಕ್ಕೂಟ 2020ರಿಂದ ಇಂಥ ವಸ್ತುಗಳಲ್ಲಿ ತೂಕದ ಶೇ. 0.1ಕ್ಕೆ ಮಿತಿಗೊಳಿಸಿದೆ. ಒಳ್ಳೆಯ ಪಿವಿಸಿ ಮ್ಯಾಟ್ ಹೊಸದರಲ್ಲಿ ಜಾರುತ್ತದೆ, ಬಳಸಿದಷ್ಟೂ ಹಿಡಿತ ಬರುತ್ತದೆ. ಕಲ್ಲುಪ್ಪು ಹಾಕಿ ತಿಕ್ಕಿ, ಒರೆಸಿ, ಆರಿಸಿ ಅದನ್ನು ಪಳಗಿಸುವವರಿದ್ದಾರೆ. ಟಿಪಿಇ ಎಂಬ ಮೆತು ಪ್ಲಾಸ್ಟಿಕ್ ಇವಿಎಗೂ ಪಿವಿಸಿಗೂ ನಡುವಿನದು: ಹಗುರ, ವಾಸನೆ ಕಡಿಮೆ, ಹಿಡಿತ ಸಾಧಾರಣ, ಆಯುಸ್ಸೂ ಸಾಧಾರಣ. ಫೋಮ್ ಉಬ್ಬಿಸಲು ಬಳಸುವ ಅಜೋಡೈಕಾರ್ಬನಮೈಡ್ ಎಂಬ ರಾಸಾಯನಿಕವನ್ನು ಅಮೆರಿಕದಲ್ಲಿ ಬ್ರೆಡ್ಡಿನ ಹಿಟ್ಟಿಗೂ ಬೆರೆಸುತ್ತಿದ್ದರು. 2014ರಲ್ಲಿ ಅಲ್ಲಿ ‘ಯೋಗ ಮ್ಯಾಟ್ ರಾಸಾಯನಿಕ’ ಎಂದು ದೊಡ್ಡ ಗಲಾಟೆಯಾಗಿ ಸಬ್‌ವೇ ಕಂಪನಿ ಅದನ್ನು ಕೈಬಿಟ್ಟಿತು. ಆ ಗದ್ದಲ ಬ್ರೆಡ್ಡಿನದು; ಮ್ಯಾಟ್ ಕೊಳ್ಳುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಿಡಿತದಲ್ಲಿ ಮೊದಲ ಸ್ಥಾನ ನೈಸರ್ಗಿಕ ರಬ್ಬರಿಗೆ. ಸುಳ್ಯ, ಪುತ್ತೂರಿನ ಕಡೆ ತೋಟಗಳಲ್ಲಿ ಟ್ಯಾಪಿಂಗ್ ಮಾಡಿ ಹಾಲು ಇಳಿಸುವ ಅದೇ ಮರದ ರಬ್ಬರು. ಮೆತುವಾದ್ದರಿಂದ ಚರ್ಮದ ಗೆರೆಗಳಿಗೂ ನೆಲದ ತರಿಗೂ ಹೊಂದಿಕೊಂಡು ಎರಡೂ ಕಡೆ ಹಿಡಿಯುತ್ತದೆ. ತೊಡಕು ನಾಲ್ಕು ಕಡೆ ಇದೆ. 5 ಮಿಮೀ ಮ್ಯಾಟ್ ಎರಡು ಕಿಲೋ ಮೀರುತ್ತದೆ, ಹೆಗಲಿಗೆ ಹಾಕಿ ಬಸ್ಸು ಹತ್ತುವವರಿಗೆ ಭಾರ. ಹೊಸದರ ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಬಿಸಿಲು, ಎಣ್ಣೆ ಎರಡೂ ಆಗದು. ನಾಲ್ಕನೆಯದು ಅಲರ್ಜಿ, ಇದನ್ನು ಲಘುವಾಗಿ ಎಣಿಸಬಾರದು: ರಬ್ಬರ್ ಕೈಗವಸು, ಬಲೂನು ಮುಟ್ಟಿದರೆ ಮೈ ಕೆರೆಯುವವರು ಈ ಮ್ಯಾಟಿನಿಂದ ದೂರವಿರಬೇಕು. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣೂ ಒಗ್ಗುವುದಿಲ್ಲ.

ರಬ್ಬರಿನ ಮೇಲೆ ಪಾಲಿಯುರೆಥೇನ್ ಪದರ ಕೂರಿಸಿದ, ಚರ್ಮದಂತೆ ನಯವಾದ ಮ್ಯಾಟುಗಳು ಬೆವರಿದ ಕೈಯನ್ನೂ ಬಿಡುವುದಿಲ್ಲ. ದುಬಾರಿ, ಕಲೆ ಬೇಗ ಕಚ್ಚುತ್ತದೆ, ಅಭ್ಯಂಜನದ ದಿನ ಎಣ್ಣೆ ಮೈಯಲ್ಲಿ ಅದರ ಹತ್ತಿರ ಸುಳಿಯುವಂತಿಲ್ಲ. ಕಾರ್ಕ್ ಹಾಸಿನದು ಬೇರೆಯದೇ ಸ್ವಭಾವ, ಒಣಗಿದ್ದಾಗ ಸ್ವಲ್ಪ ಜಾರುತ್ತದೆ, ತೇವ ತಾಕಿದರೆ ಹಿಡಿಯುತ್ತದೆ. ಮೊದಲ ನಮಸ್ಕಾರಕ್ಕೆ ಮುಂಚೆ ನಾಲ್ಕು ಹನಿ ನೀರು ಚಿಮುಕಿಸಿಕೊಂಡರಾಯಿತು.

ಮೈಸೂರಿನ ಜಮಖಾನೆ

ಇದೇ ತೇವದ ಉಪಾಯವನ್ನು ಮೈಸೂರಿನ ಅಷ್ಟಾಂಗ ಶಾಲೆಗಳಲ್ಲಿ ಬಹುಕಾಲದಿಂದ ಹತ್ತಿಯ ಹಾಸಿನೊಂದಿಗೆ ಬಳಸುತ್ತಾರೆ. ವಿದೇಶಗಳಲ್ಲಿ ‘ಮೈಸೂರ್ ರಗ್’ ಎಂದೇ ಮಾರಾಟವಾಗುವುದು ನಮ್ಮ ಮದುವೆ ಮನೆಯ ಜಮಖಾನೆಯ ಚಿಕ್ಕ ತಮ್ಮ: ಬಿಗಿಯಾಗಿ ನೇಯ್ದ, ಪಟ್ಟೆ ಪಟ್ಟೆಯ ಹತ್ತಿ ಹಾಸು. ನೆಲಕ್ಕೆ ತೆಳು ರಬ್ಬರ್ ಮ್ಯಾಟ್, ಅದರ ಮೇಲೆ ಈ ಜಮಖಾನೆ. ಬೆವರು ಹತ್ತಿಗೆ ಇಳಿಯುತ್ತದೆ, ಒದ್ದೆ ನೂಲು ಅಂಗೈಯನ್ನು ಹಿಡಿದುಕೊಳ್ಳುತ್ತದೆ. ಕೈಯೂರಿ ಕಾಲನ್ನು ತೋಳುಗಳ ನಡುವೆ ಹಾಯಿಸಿ ಕೂರುವ ಅಷ್ಟಾಂಗದ ಜಿಗಿತಕ್ಕೆ ಪಾದ ಸರಾಗ ಸರಿಯಬೇಕು. ಪೂರ್ತಿ ಅಂಟುವ ಮ್ಯಾಟಿನಲ್ಲಿ ಅದು ಕಾಲ್ಬೆರಳಿಗೆ ಪೆಟ್ಟು. ಜಮಖಾನೆಯನ್ನು ಮನೆಗೆ ಹೋಗಿ ಒಗೆದು ಒಣಹಾಕಬಹುದು. ರಬ್ಬರನ್ನು ಹಾಗೆ ಮಾಡಲಾಗದು. ಹೊಸ ಜಮಖಾನೆ ಜಾರುತ್ತದೆ, ಎರಡು ಮೂರು ಸಲ ಒಗೆದ ಮೇಲೆ ಬಳಸಬೇಕು. ಇದೇ ತತ್ತ್ವದ ಮೈಕ್ರೋಫೈಬರ್ ಟವೆಲ್ಲುಗಳೂ ಬಂದಿವೆ. ಹಗುರ, ಬೇಗ ಒಣಗುತ್ತವೆ, ಆದರೆ ಕೈಯಡಿ ಸುಕ್ಕಾಗುತ್ತವೆ.

ಈಚಲು, ಹುಲ್ಲಿನ ಚಾಪೆಗಳು ಕೂರಲು ತಂಪು, ಆದರೆ ನುಣುಪು ನೆಲದ ಮೇಲೆ ಚಾಪೆಯೇ ಜಾರುತ್ತದೆ. ಗುವಾಹಟಿಯ ದೀಪೋರ್ ಬೀಲ್ ಸರೋವರದ ಅಂತರಗಂಗೆಯಿಂದ ಅಲ್ಲಿನ ಮೀನುಗಾರ ಕುಟುಂಬಗಳ ಯುವತಿಯರು ನೇಯ್ದ ಯೋಗ ಮ್ಯಾಟ್ 2021ರಲ್ಲಿ ಸುದ್ದಿಯಾಯಿತು. ಪರಿಸರದ ದೃಷ್ಟಿಯಿಂದ ಅದು ಒಳ್ಳೆಯ ಪ್ರಯತ್ನ.

ನೆಲ ಮತ್ತು ಪರೀಕ್ಷೆ

ಮ್ಯಾಟಿಗೆ ಎರಡು ಮುಖ, ಜಾರುವುದೂ ಎರಡು ಕಡೆ. ರೆಡ್ ಆಕ್ಸೈಡ್, ಮೊಸಾಯಿಕ್, ಗ್ರಾನೈಟ್, ಟೈಲ್ಸ್ ನೆಲಗಳಲ್ಲಿ ಸಣ್ಣ ಧೂಳಿನ ಪದರವಿದ್ದರೂ ಎಂಥ ಮ್ಯಾಟೂ ಸರಿಯುತ್ತದೆ. ಮೊದಲು ನೆಲ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಕಾರ್ಪೆಟ್ ಮೇಲೆ ತೆಳು ಮ್ಯಾಟ್ ಸುಕ್ಕುಗಟ್ಟುತ್ತದೆ, ಅಲ್ಲಿ ಭಾರದ್ದೇ ಬೇಕು. ಜೂನ್ 21ರ ಯೋಗ ದಿನಕ್ಕೆ ಮೈದಾನದಲ್ಲಿ ಹಾಸಿದ ಶಾಮಿಯಾನ ಕಾರ್ಪೆಟ್ಟಿನ ಮೇಲೆ ಮ್ಯಾಟ್ ಮುದುಡುವುದಕ್ಕೆ ಕಾರಣ ಇದೇ.

ಅಂಗಡಿಯಲ್ಲಿ ಮ್ಯಾಟನ್ನು ಬಿಚ್ಚಿ ಹಾಸಿ ನೋಡಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗುವುದು ಒಳಿತು. ಹಾಸಿ, ಹೆಬ್ಬೆರಳಿನಿಂದ ಒತ್ತಿದಾಗ ಕೆಳಗಿನ ನೆಲ ಸುಲಭವಾಗಿ ತಾಗಿದರೆ ಅದು ತೀರ ಮೆತು. ಅಂಗೈ ಒಣಗಿದ್ದಾಗ ಮುಂದಕ್ಕೆ ತಳ್ಳಿ ನೋಡಬೇಕು, ಆಮೇಲೆ ಅಂಗೈಗೆ ನಾಲ್ಕು ಹನಿ ನೀರು ಸವರಿ ಅದೇ ಜಾಗದಲ್ಲಿ ಮತ್ತೆ ತಳ್ಳಬೇಕು. ಬಹುತೇಕ ಮ್ಯಾಟುಗಳು ಮೊದಲ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಎರಡನೆಯದರಲ್ಲಿ ನಿಜಬಣ್ಣ ತಿಳಿಯುತ್ತದೆ. ಎರಡು ತುದಿ ಹಿಡಿದು ಎಳೆದಾಗ ಬಹಳ ಹಿಗ್ಗುವುದು ಬೇಡ. ಆನ್‌ಲೈನ್‌ನಲ್ಲಿ ತರಿಸುವವರು ‘ಆಂಟಿ-ಸ್ಕಿಡ್’ ಎಂಬ ಪದಕ್ಕೆ ಬೆಲೆ ಕೊಡದೆ, ಯಾವ ಸಾಮಗ್ರಿ, ಎಷ್ಟು ತೂಕ ಎಂಬುದನ್ನು ನೋಡಬೇಕು. ಆರು ಮಿಮೀ ಮ್ಯಾಟ್ ಒಂದು ಕಿಲೋಗಿಂತ ಬಹಳ ಕಡಿಮೆ ತೂಗಿದರೆ ಅದರಲ್ಲಿ ಹೆಚ್ಚು ಇರುವುದು ಗಾಳಿ.

ನಿಗಾ

ಹೊಸ ಮ್ಯಾಟಿನ ಮೇಲೆ ತಯಾರಿಕೆಯಲ್ಲಿ ಉಳಿದ ಜಿಡ್ಡಿನ ಪದರ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಗೆ ಆರಿಸಿದರೆ ಅರ್ಧ ದೂರು ನಿಲ್ಲುತ್ತದೆ. ಕೈಗೆ ಕ್ರೀಮ್, ಕೊಬ್ಬರಿ ಎಣ್ಣೆ ಹಚ್ಚಿದ ಮೇಲೆ ಮ್ಯಾಟ್ ಹತ್ತಬಾರದು. ತೊಳೆಯಲು ನೀರಿಗೆ ಕೆಲವೇ ಹನಿ ಸೋಪು ಸಾಕು, ನೊರೆ ಉಳಿದರೆ ಅದೇ ಜಾರಿಸುತ್ತದೆ. ರಬ್ಬರ್ ಮ್ಯಾಟನ್ನು ಬಟ್ಟೆಯ ಜೊತೆ ಟೆರೇಸಿನ ಬಿಸಿಲಿಗೆ ಹಾಕುವುದು ಅದನ್ನು ಕೊಂದಂತೆ: ಬಿಸಿಲು ಮತ್ತು ಓಝೋನ್ ರಬ್ಬರಿನ ಅಣುಸರಪಳಿಯನ್ನು ಕಡಿದು, ಮೇಲ್ಮೈ ಬಿರುಕು ಬಿಟ್ಟು ಪುಡಿಯುದುರುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಆರಿಸಬೇಕು. ಮುಂಭಾಗವನ್ನು ಹೊರಗೆ ಮಾಡಿ ಸುತ್ತಿಟ್ಟರೆ ತುದಿಗಳು ಮೇಲೇಳುವುದಿಲ್ಲ.

ನಿತ್ಯ ಅಭ್ಯಾಸ ಮಾಡುವ, ರಬ್ಬರ್ ಅಲರ್ಜಿ ಇಲ್ಲದ, ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮನೆಯವರಿಗೆ 4 ಅಥವಾ 5 ಮಿಮೀ ನೈಸರ್ಗಿಕ ರಬ್ಬರ್ ಮ್ಯಾಟ್ ಸೂಕ್ತ. ಹೆಚ್ಚು ಬೆವರುವವರು ಅದರ ಮೇಲೊಂದು ಹತ್ತಿ ಜಮಖಾನೆ ಸೇರಿಸಿಕೊಳ್ಳಬೇಕು. ಅಲರ್ಜಿ ಇರುವವರಿಗೆ ಥ್ಯಾಲೇಟ್ ಇಲ್ಲದ ಪಿವಿಸಿ ಮ್ಯಾಟ್, ಅದರ ಮೇಲೆ ಇದೇ ಜಮಖಾನೆ.